ನೇಕಾರನ ಅಂಗೈ

"ಗುರುಗಳೇ, ನಾವು ಮದ್ದು ಕೊಡುವುದು ಬದುಕಿರುವವರಿಗೆ. ಹಾಗಿದ್ದ ಮೇಲೆ ಸತ್ತವರನ್ನು ಕೊಯ್ದು ನೋಡುವುದು ಯಾಕೆ?"

ಶಂಭುಲಿಂಗ ಈ ಪ್ರಶ್ನೆ ಕೇಳುತ್ತಿರುವುದು ಆ ವಾರದಲ್ಲಿ ನಾಲ್ಕನೆಯ ಸಲ. ಹೊಳೆದಂಡೆಯ ಆ ವೈದ್ಯಶಾಲೆಗೆ ಅವನು ಸೇರಿ ಎರಡು ವರ್ಷವಾಗಿತ್ತು. ಬೇರು ಗುರುತಿಸುವುದರಲ್ಲಿ, ನಾಡಿ ಹಿಡಿಯುವುದರಲ್ಲಿ, ಕಷಾಯ ಕಾಸುವುದರಲ್ಲಿ ಅವನೇ ಮುಂದು. ಆದರೆ ನೀರಿನಲ್ಲಿ ನೆನೆಹಾಕಿದ ಹೆಣವನ್ನು ದಂಡೆಗೆ ತಂದು, ಲಾವಂಚದ ಕುಂಚದಿಂದ ಪದರ ಪದರವಾಗಿ ಉಜ್ಜಿ ಒಳಗಿನದನ್ನು ನೋಡುವ ದಿನ ಬಂತೆಂದರೆ ಅವನಿಗೆ ಹೊಟ್ಟೆನೋವು ಬರುತ್ತಿತ್ತು. ಮರುದಿನ ಬೆಳಿಗ್ಗೆ ಹೋಗುತ್ತಿತ್ತು.

ಗುರು ಅರೆಯುತ್ತಿದ್ದ ಮದ್ದನ್ನು ಪಕ್ಕಕ್ಕಿಟ್ಟರು.

"ಅಯ್ಯಾ, ನಿನಗೆ ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿದೆ."

"ಹಾಗಲ್ಲ ಗುರುಗಳೇ. ಮೂಳೆ ಎಷ್ಟು, ಸಂದು ಎಷ್ಟು, ನರ ಎಷ್ಟು, ಎಲ್ಲ ಶ್ಲೋಕದಲ್ಲೇ ಇದೆಯಲ್ಲ. ನನಗೆ ಅಷ್ಟೂ ಬಾಯಿಪಾಠ. ಇನ್ನು ಕಣ್ಣಿಂದ ನೋಡಬೇಕಾದದ್ದು ಏನಿದೆ?"

"ಕೂತುಕೋ," ಎಂದರು ಗುರು. "ಹೊಟ್ಟೆನೋವು ಇಲ್ಲದಿದ್ದರೆ."

ಅವರು ಹೇಳಿದ ಕತೆ ಇದು.

ಒಂದೂರಲ್ಲಿ ಒಬ್ಬ ವೈದ್ಯನಿದ್ದ. ಓದಿನಲ್ಲಿ ಗಟ್ಟಿಗ. ದೇಹದ ವಿಷಯ ಹೇಳುವ ಶ್ಲೋಕಗಳನ್ನು ಎಲ್ಲಿಂದ ಕೇಳಿದರೂ ಹೇಳುವನು, ನಿನ್ನ ಹಾಗೇ. ಕಲಿಯುವಾಗ ಶಸ್ತ್ರ ಹಿಡಿಯುವ ಅಭ್ಯಾಸವನ್ನು ಕಾಯಿಗಳ ಮೇಲೆ ಮಾಡಿದ್ದ. ಸೋರೆಕಾಯಿ, ಸೌತೆಕಾಯಿ, ಬೂದುಗುಂಬಳ. ಗೆರೆ ಎಳೆದ ಕಡೆ, ಹೇಳಿದಷ್ಟೇ ಆಳಕ್ಕೆ, ಒಂದೇ ಏಟಿಗೆ ಕೊಯ್ಯುತ್ತಿದ್ದ. ನೋಡಿದವರು ಭಲೇ ಎನ್ನುತ್ತಿದ್ದರು. ಹೆಣದ ಪಾಠದ ದಿನ ಮಾತ್ರ ಮಡಿ, ಮೈಲಿಗೆ ಎಂದು ಏನೋ ಒಂದು ಹೇಳಿ ಮನೆಗೆ ಹೋಗಿಬಿಡುತ್ತಿದ್ದ. ಅವನ ಗುರು ಪುಣ್ಯಾತ್ಮ, ಹೋಗಲಿ ಬಿಡು ಎಂದು ಸುಮ್ಮನಿದ್ದ. ಇಂಥ ಗುರುಗಳನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅದೇ ಊರಲ್ಲಿ ಒಬ್ಬ ನೇಕಾರನಿದ್ದ. ಅವನ ಬಲ ಅಂಗೈಯಲ್ಲಿ ಒಂದು ಕುರು ಎದ್ದಿತು. ಕೈ ಊದಿಕೊಂಡಿತು. ಲಾಳಿ ಹಿಡಿಯಲು ಆಗದೆ ಮಗ್ಗ ನಿಂತಿತು. ಮೂರು ದಿನ ಅರಿಸಿನ ಕಟ್ಟಿ ನೋಡಿ, ನಾಲ್ಕನೆಯ ದಿನ ವೈದ್ಯನ ಜಗಲಿಗೆ ಬಂದ.

"ಪಂಡಿತರೇ, ನೋವು ತಡೆದುಕೊಳ್ಳುತ್ತೇನೆ. ಕೈ ಒಂದು ಉಳಿಸಿಕೊಡಿ. ಮನೆಯಲ್ಲಿ ಐದು ಹೊಟ್ಟೆ ಈ ಕೈಯನ್ನು ನಂಬಿಕೊಂಡಿವೆ," ಎಂದ.

ವೈದ್ಯ ಶಸ್ತ್ರ ಕಾಯಿಸಿದ. ಅಂಗೈಯ ನಡುವೆ, ಗೆರೆ ಹಿಡಿದು ಅಡ್ಡಕ್ಕೆ, ಆಳವಾಗಿ, ಒಂದೇ ಏಟಿಗೆ ಕೊಯ್ದ. ಕೀವು ಬಳಬಳನೆ ಹರಿದುಹೋಯಿತು. ನೋವು ಅರ್ಧ ಇಳಿಯಿತು. ಹತ್ತು ದಿನದಲ್ಲಿ ಗಾಯ ಕೂಡಿಕೊಂಡಿತು. ಕೊಯ್ದ ಗುರುತು ಕೈಯ ಗೆರೆಯೊಳಗೇ ಅಡಗಿತ್ತು. ವೈದ್ಯ ಬಂದವರಿಗೆಲ್ಲ ಆ ಅಂಗೈಯನ್ನು ತೋರಿಸಿದ.

ನೇಕಾರ ಮನೆಗೆ ಹೋಗಿ ಮಗ್ಗದ ಮುಂದೆ ಕೂತ. ಲಾಳಿ ಕೈಯಿಂದ ಜಾರಿ ಬಿತ್ತು. ಮತ್ತೆ ಹಿಡಿದ, ಮತ್ತೆ ಬಿತ್ತು. ನಡುವಿನ ಎರಡು ಬೆರಳು ಮಡಚಿಕೊಳ್ಳುತ್ತಿರಲಿಲ್ಲ.

ಅವನು ವೈದ್ಯನ ಬಳಿ ಹೋದ. ಎಣ್ಣೆ ತಿಕ್ಕು ಎಂದ ವೈದ್ಯ. ಹದಿನೈದು ದಿನ ತಿಕ್ಕಿ ಮತ್ತೆ ಹೋದ. ಬಿಸಿನೀರಿನ ಶಾಖ ಕೊಡು ಎಂದ. ಅದನ್ನೂ ಕೊಟ್ಟು ಮೂರನೆಯ ಸಲ ಹೋದಾಗ ವೈದ್ಯನಿಗೆ ಸಿಟ್ಟು ಬಂತು. ಗಾಯ ಮಾಗಿದೆ, ಕೀವಿಲ್ಲ, ಊತವಿಲ್ಲ. ಕೈ ನಿನ್ನದು, ಮಡಿಸಬೇಕಾದವನೂ ನೀನೇ, ಸೋಮಾರಿತನಕ್ಕೆ ನನ್ನಲ್ಲಿ ಮದ್ದಿಲ್ಲ ಎಂದು ಎದ್ದು ಒಳಗೆ ಹೋದ.

ನೇಕಾರನಿಗೆ ತಲೆ ಚಿಟ್ಟುಹಿಡಿಯಿತು. ಹುಟ್ಟಿದಾರಭ್ಯ ಯಾರೂ ಅವನನ್ನು ಸೋಮಾರಿ ಎಂದಿರಲಿಲ್ಲ. ಮನೆಗೆ ಬಂದು ಎಡಗೈಯಿಂದ ಆ ಎರಡು ಬೆರಳುಗಳನ್ನು ಒತ್ತಿ ನೋಡಿದ. ಒತ್ತಿದರೆ ಸಲೀಸಾಗಿ ಮಡಚಿಕೊಂಡವು. ಬಿಟ್ಟರೆ ನೆಟ್ಟಗಾದವು. ಸಂದು ಹಿಡಿದಿಲ್ಲ ಎಂದು ಅವನಿಗೆ ಗೊತ್ತಾಯಿತು. ಮಗ್ಗದಲ್ಲೂ ಒಮ್ಮೊಮ್ಮೆ ಹೀಗಾಗುತ್ತದೆ. ಕೆಳಗೆ ಕಾಲಿನ ಹಲಗೆ ತುಳಿಯುತ್ತಿರುತ್ತೇವೆ, ಮೇಲೆ ಎಳೆಗಳು ಏಳುವುದಿಲ್ಲ. ನಡುವಿನ ಹಗ್ಗ ಕಡಿದಿರುತ್ತದೆ. ಅವನು ಎಷ್ಟೋ ಹೊತ್ತು ಕೈ ನೋಡುತ್ತ ಕೂತಿದ್ದ. ಆಮೇಲೆ ಎದ್ದು ನಾಲ್ಕನೆಯ ಸಲ ವೈದ್ಯನ ಜಗಲಿ ಹತ್ತಿದ.

"ಪಂಡಿತರೇ, ಬೆರಳನ್ನು ಒಳಗಿಂದ ಎಳೆಯುವ ಹುರಿ ಏನಾದರೂ ಇದೆಯೇ?"

ವೈದ್ಯ ಶ್ಲೋಕ ಹೇಳಿದ. ದೇಹದಲ್ಲಿ ಹುರಿಗಳು ಒಟ್ಟು ಇಷ್ಟು, ಒಂದೊಂದು ಕೈಯಲ್ಲಿ ಇಷ್ಟು.

"ಎಷ್ಟಿವೆ ಎಂದು ನಾನು ಕೇಳಲಿಲ್ಲ. ಈ ಅಂಗೈಯಲ್ಲಿ ಎಲ್ಲಿಂದ ಎಲ್ಲಿಗೆ ಹೋಗುತ್ತವೆ, ಹೇಳಿ. ಎಳೆ ಕಡಿದರೆ ನಾನು ಎರಡು ತುದಿ ಹುಡುಕಿ ಹೊಸೆದು ಕೂಡಿಸುತ್ತೇನೆ. ನೀವೂ ಕೂಡಿಸಿಕೊಡಿ. ಮೊದಲು ತುದಿ ಎಲ್ಲಿದೆ ತೋರಿಸಿ."

ವೈದ್ಯ ಆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ತಿರುಗಿಸಿ ನೋಡಿದ, ಒತ್ತಿ ನೋಡಿದ. ಶ್ಲೋಕದಲ್ಲಿ ತುದಿಯ ವಿಷಯ ಇರಲಿಲ್ಲ. ನೇಕಾರ ತನ್ನ ಕೈಯನ್ನು ತಾನೇ ಎತ್ತಿಕೊಂಡು ಹೊರಟುಹೋದ.

ವೈದ್ಯನಿಗೆ ಅನ್ನ ಸೇರಲಿಲ್ಲ. ಮರುದಿನವೇ ತಾನು ಕಲಿತ ಶಾಲೆಗೆ ಹೋದ. ಮಡಿ, ಮೈಲಿಗೆ ಯಾವುದೂ ಅವತ್ತು ನೆನಪಾಗಲಿಲ್ಲ. ಹೆಣದ ಮುಂಗೈ ಬಿಡಿಸಿ ನೋಡಿದ. ಬಿಳಿಯ ಹುರಿಗಳು ಮುಂಗೈಯಿಂದ ಹೊರಟು, ಮಣಿಕಟ್ಟು ದಾಟಿ, ಅಂಗೈಯಲ್ಲಿ ಬೆರಳಿಗೆ ಎರಡರಂತೆ ಉದ್ದಕ್ಕೆ ಹಾಸಿಕೊಂಡಿದ್ದವು. ಮುಂಗೈಯಲ್ಲಿ ಒಂದನ್ನು ಹಿಡಿದು ಎಳೆದ. ಸತ್ತವನ ಬೆರಳು ಮಡಚಿಕೊಂಡಿತು. ಬಿಟ್ಟ, ಮತ್ತೆ ಎಳೆದ. ಮತ್ತೆ ಮಡಚಿಕೊಂಡಿತು. ತಾನು ಎಲ್ಲಿ, ಏನನ್ನು ಅಡ್ಡಕ್ಕೆ ಕಡಿದೆ ಎಂದು ಅವನಿಗೆ ಆಗ ತಿಳಿಯಿತು. ಮೇಲಿನ ಚರ್ಮವನ್ನಷ್ಟೇ ಕೊಯ್ದು, ಒಳಗೆ ಹುರಿಗಳ ಜೊತೆಯಲ್ಲೇ ಉದ್ದಕ್ಕೆ ಬಿಡಿಸಿದ್ದರೆ ಕೀವೂ ಹೋಗುತ್ತಿತ್ತು, ಕೈಯೂ ಉಳಿಯುತ್ತಿತ್ತು. ಇದನ್ನೆಲ್ಲ ತಿಳಿಯಲು ಅವನಿಗೆ ಬೇಕಾದದ್ದು ಒಂದು ಬೆಳಗು. ಬರೀ ಒಂದು ಬೆಳಗು, ಶಂಭುಲಿಂಗ.

ಅವನು ನೇಕಾರನ ಮನೆಗೆ ಓಡಿದ. ಕೈ ಕೊಯ್ದು ಆ ಹೊತ್ತಿಗೆ ತಿಂಗಳ ಮೇಲಾಗಿತ್ತು. ಕಡಿದ ತುದಿಗಳು ಒಳಗೆ ಸರಿದು, ಸುತ್ತಲಿನ ಮಾಂಸಕ್ಕೆ ಅಂಟಿ ಹೋಗಿದ್ದವು. ಇನ್ನು ಅದನ್ನು ಯಾರೂ ಕೂಡಿಸುವಂತಿರಲಿಲ್ಲ. ನೇಕಾರ ಮಗ್ಗವನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದ. ಬೇರೆಯವರ ಮಗ್ಗಕ್ಕೆ ಎಡಗೈಯಿಂದ ನೂಲು ಸುತ್ತುತ್ತ ಕೂತಿದ್ದ. ವೈದ್ಯ ಬಾಗಿಲಲ್ಲಿ ನಿಂತು ತನ್ನದೇ ತಪ್ಪು ಎಂದ. ನೇಕಾರ ತಲೆ ಎತ್ತದೆ ಹೌದು ಎಂದ.

ಗುರು ಕತೆ ನಿಲ್ಲಿಸಿ ಮತ್ತೆ ಮದ್ದು ಅರೆಯತೊಡಗಿದರು. ಶಂಭುಲಿಂಗನಿಗೆ ನೇಕಾರನ ಬಗ್ಗೆ ಅಯ್ಯೋ ಅನ್ನಿಸಿತು. ಆದರೂ ಅವನ ಮನಸ್ಸು ತನಗೆ ಬೇಕಾದ ದಾರಿಯನ್ನೇ ಹುಡುಕುತ್ತಿತ್ತು.

"ಆಮೇಲೆ ಆ ವೈದ್ಯ ಏನಾದ ಗುರುಗಳೇ?"

"ಒಳ್ಳೆಯ ವೈದ್ಯನಾದ. ಕೈಯ ಕುರು ಕೊಯ್ಯುವುದರಲ್ಲಿ ಸುತ್ತಿನ ಹತ್ತೂರಲ್ಲಿ ಅವನಂಥವರಿರಲಿಲ್ಲ. ಮತ್ತೆ ಒಬ್ಬರ ಬೆರಳೂ ಕೆಡಲಿಲ್ಲ."

ಶಂಭುಲಿಂಗನ ಮುಖ ಅರಳಿತು. "ಹಾಗಾದರೆ ತಡವಾದರೂ ಕಲಿಯಬಹುದು ಅಂತಾಯಿತಲ್ಲ. ನಾನೂ ಮುಂದೆ ಅಗತ್ಯ ಬಿದ್ದಾಗ ನೋಡಿಕೊಳ್ಳುತ್ತೇನೆ."

ಗುರುವಿನ ಕೈ ನಿಂತಿತು. ಅವರು ಶಿಷ್ಯನನ್ನು ದಿಟ್ಟಿಸಿ ನೋಡಿದರು.

"ಮೊದಲ ಪಾಠಕ್ಕೆ ಅವನಿಗೂ ಒಂದು ದೇಹ ಸಿಕ್ಕಿತ್ತು ಕಣಯ್ಯಾ, ಅದು ಇನ್ನೂ ಸತ್ತಿರಲಿಲ್ಲ, ಅಷ್ಟೇ."