ಎಡಮೂಲೆಯ ಗೆರೆ

"ಗುರುಗಳೇ, ನನ್ನ ಸಿಟ್ಟು ಒಂದು ಗಳಿಗೆಯದು. ಮಗಳ ಮೇಲೆ ಕೂಗಾಡುತ್ತೇನೆ, ಎದ್ದು ಹೋಗುತ್ತೇನೆ, ಮರೆತುಬಿಡುತ್ತೇನೆ. ಆದರೂ ನಾನು ನಗುತ್ತಾ ಕರೆದಾಗಲೂ ಅವಳು ಕದದ ಹಿಂದೆಯೇ ನಿಲ್ಲುತ್ತಾಳೆ. ಏಕೆ?" ಎಂದು ಶಿಷ್ಯ ಕೇಳಿದ.

"ಮರೆತವನು ನೀನು ತಾನೇ? ಕತೆ ಕೇಳು" ಎಂದು ಗುರುಗಳು ಆರಂಭಿಸಿದರು.

ಒಬ್ಬ ವ್ಯಾಪಾರಿ ದೊಡ್ಡ ಓಎಲ್‌ಇಡಿ ಟಿವಿ ಕೊಂಡ. ದಿನವೂ ಸಂಜೆ ಅದರಲ್ಲಿ ಯುದ್ಧದ ಗೇಮ್ ಆಡುವುದು ಅವನ ಚಟ. ಸೈನಿಕನ ಪ್ರಾಣ ಎಷ್ಟು ಉಳಿದಿದೆ ಎಂದು ತೋರಿಸುವ ಕೆಂಪು ಪಟ್ಟಿಯೊಂದು ಪರದೆಯ ಎಡಮೂಲೆಯಲ್ಲಿ ಅಲುಗದೆ ನಿಂತಿರುತ್ತಿತ್ತು.

ಟಿವಿ ಕೂರಿಸಿದ ಮೆಕ್ಯಾನಿಕ್ ಮೊದಲೇ ಎಚ್ಚರಿಸಿದ್ದ. "ಒಂದೇ ಚಿತ್ರ ತುಂಬಾ ಹೊತ್ತು ನಿಂತ್ರೆ ಕಲೆ ಕೂರುತ್ತೆ ಸಾರ್. ಆಟ ಮುಗಿದ ಮೇಲೆ ರಿಮೋಟಲ್ಲಿ ಆಫ್ ಮಾಡಿ, ಗೋಡೆ ಸ್ವಿಚ್ ಮುಟ್ಬೇಡಿ. ಕರೆಂಟ್ ಇದ್ರೆ ಅದು ತಾನಾಗೇ ಒಳಗೆ ಸರಿಮಾಡ್ಕೊಳ್ಳುತ್ತೆ."

ಆದರೆ ಎದ್ದು ಹೋಗುವಾಗ ಗೋಡೆಯ ಸ್ವಿಚ್ ಆರಿಸದಿದ್ದರೆ ವ್ಯಾಪಾರಿಗೆ ಸಮಾಧಾನವಿಲ್ಲ. ಅಪ್ಪ ಗದರಿ ಕಲಿಸಿದ ಪಾಠ ಅದು. ನಮ್ಮೆಲ್ಲರ ಅಪ್ಪಂದಿರೂ ಕಲಿಸಿದ್ದೇ. ಹೆಂಡತಿ ನೆನಪಿಸಿದಳು.

"ರೀ, ಅವರು ಆರಿಸಬೇಡಿ ಅಂದಿದ್ರಲ್ಲ?"

"ಆರಿಸಿದ ಮೇಲೆ ಅದರೊಳಗೆ ಏನೇ ಇರುತ್ತೆ? ಬರೀ ಕತ್ತಲೆ" ಎಂದು ನಕ್ಕು ಸ್ವಿಚ್ ಒತ್ತಿದ. ಎರಡು ವರ್ಷ ಹಾಗೆಯೇ ಒತ್ತಿದ.

ಅಷ್ಟರಲ್ಲಿ ಅವರಿಗೆ ಹುಟ್ಟಿದ ಮಗಳಿಗೆ ವರ್ಷ ತುಂಬುವ ಮೊದಲೇ ಹೆಂಡತಿ ಜ್ವರ ಬಂದು ತೀರಿಕೊಂಡಳು. ಅವಳದೆಂದು ಉಳಿದದ್ದು ನಾಮಕರಣದ ದಿನದ ಒಂದೇ ವಿಡಿಯೊ. ಗೇಮ್ ಬಿಟ್ಟ ವ್ಯಾಪಾರಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನೋಡು, ನಿನ್ನಮ್ಮ" ಎಂದು ಅದನ್ನು ಟಿವಿಯಲ್ಲಿ ಹಾಕಿದ. ತೊಟ್ಟಿಲ ಮೇಲೆ ಬಾಗಿದ ಅವಳ ಮುಖ ಬಂದದ್ದು ಎಡಮೂಲೆಯಲ್ಲಿ. ಕಣ್ಣುಗಳ ಮೇಲೆ ಅಡ್ಡಲಾಗಿ ಒಂದು ಮಬ್ಬು ಗೆರೆ ಇತ್ತು. ಒದ್ದೆ ಬಟ್ಟೆ ತಂದು ಒರೆಸಿದ. ಮತ್ತೆ ಒರೆಸಿದ. ಹೋಗಲಿಲ್ಲ. ಪಾಪ, ಆ ದಿನ ಅವನು ಮಗುವಿನ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತ.

ಮಗಳು ದಿನವೂ ಅಮ್ಮನನ್ನು ತೋರಿಸೆಂದು ಕೇಳುತ್ತಿದ್ದಳು. ಮೂರು ವರ್ಷ ಅವಳಿಗೆ ಅದನ್ನೇ ತೋರಿಸಿದ.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಟಿವಿ ಬದಲಾಯಿಸಬಹುದಿತ್ತಲ್ಲ, ಗುರುಗಳೇ?"

ಗುರುಗಳು ಹೇಳಿದರು: "ಬದಲಾಯಿಸಿದ. ಹೊಸದರಲ್ಲಿ ಗೆರೆಯಿಲ್ಲದ ಆ ಮುಖ ನೋಡಿ ಮಗಳು, 'ಇದು ನಮ್ಮಮ್ಮ ಅಲ್ಲ' ಅಂದಳು."