ದೀಪ ಆರಿದ ಮೇಲೆ ಕಂಡ ಬೆಳಕು

ವಾರಿಜಾ ಕಪ್ಪು ಪೆಟ್ಟಿಗೆಯೊಳಗಿನ ದೀಪ ಆರಿಸಿದಳು. ಅದರೊಳಗಿನ ಬೆಳಕು ಹಿಡಿಯುವ ಸೆನ್ಸರ್ ಸುಮ್ಮನಿರಬೇಕಿತ್ತು. ಇರಲಿಲ್ಲ. ಪರದೆಯ ಮೇಲೆ ಎತ್ತರದ ಗೆರೆಯೊಂದು ಎದ್ದಿತು. ತುಸು ತಡೆದು ಇನ್ನೊಂದು.

ಅಂಗೈಯಗಲದ ಗಾಜಿನ ಸೆನ್ಸರ್ ಅದು. ಅವಳೇ ಕಟ್ಟಿದ್ದು; ಅವಳು ಕಲಿತದ್ದೆಲ್ಲ ಅದರಲ್ಲಿತ್ತು. ಅದು ಹಿಡಿಯಬೇಕಾದದ್ದು ನ್ಯೂಟ್ರಿನೊ ಎಂಬ ಕಣದ ಸುಳಿವು. ನ್ಯೂಟ್ರಿನೊ ಇಡೀ ಭೂಮಿಯನ್ನೇ ತೂರಿಹೋಗುತ್ತದೆ. ಅಪರೂಪಕ್ಕೊಮ್ಮೆ ದೊಡ್ಡ ನೀರಿನ ತೊಟ್ಟಿಯಲ್ಲಿ ಏನಕ್ಕಾದರೂ ತಾಗಿ ಚೂರು ಬೆಳಕು ಚಿಮ್ಮಿಸುತ್ತದೆ. ರೆಪ್ಪೆ ಬಡಿಯುವುದರೊಳಗೆ ಕೋಟಿ ಸಲ ಬಂದುಹೋಗಬಹುದಾದಷ್ಟು ಚುಟುಕು ಬೆಳಕು.

ಪರೀಕ್ಷೆಯಲ್ಲಿ ಪಾಸಾದ ಸೆನ್ಸರುಗಳು ಮಾತ್ರ ಮರುದಿನ ಕಣಗಳ ಧಾರೆ ಹರಿಸುವ ಪ್ರಯೋಗಾಲಯಕ್ಕೆ ಹೊರಡುತ್ತಿದ್ದವು. ಕತ್ತಲಲ್ಲಿ ದೊಡ್ಡ ಗೆರೆ ಎಬ್ಬಿಸಿದರೆ ಸೆನ್ಸರ್ ಕೆಟ್ಟಿದೆಯೆಂದೇ ಲೆಕ್ಕ.

ಪಕ್ಕದ ಮೇಜಿನ ನಿಂಗರಾಜ ಉಪಾಯ ಹೇಳಿದ. ದೀಪ ಹೊತ್ತಿದ ಕ್ಷಣವನ್ನಷ್ಟೇ ನೋಡುವಂತೆ ಕಂಪ್ಯೂಟರಿಗೆ ಹೇಳಿದರಾಯಿತು. ಅವನ ಸೆನ್ಸರ್ ಹಾಗೆಯೇ ಪಾಸಾಗಿತ್ತು.

"ಕತ್ತಲಲ್ಲಿ ಯಾಕಕ್ಕಾ ಇಣುಕ್ತೀರಿ? ದೆವ್ವ ಕಂಡೀತು" ಎಂದು ನಕ್ಕ.

ಅವಳು ಹಾಗೇ ಮಾಡಿದಳು. ಗ್ರಾಫ್ ಚೊಕ್ಕವಾಯಿತು. ಅವಳ ಗುರುಗಳಾದ ಪ್ರೊಫೆಸರ್ ತಾಳಿಕೋಟಿ ಅದನ್ನು ನೋಡಿ ಮೆಚ್ಚಿದರು. ಸಹಿ ಹಾಕಲು ಬಾಗಿದರು.

"ಸರ್, ತಡೀರಿ. ಕತ್ತಲಲ್ಲಿ ಬಂದ ಗೆರೆಗಳನ್ನು ಮರೆಮಾಡಿದ್ದೇನೆ."

ಅವರು ಬೈಯಲಿಲ್ಲ. "ನ್ಯೂಟ್ರಿನೊ ನಿನ್ನ ದೀಪಕ್ಕೆ ಕಾಯ್ತದೇನವಾ?" ಎಂದಷ್ಟೇ ಕೇಳಿದರು. ನಿಂಗರಾಜನ ಸೆನ್ಸರ್ ತರಿಸಿದರು. ಅವಳ ಸೆನ್ಸರಿನ ಕೆಳಗೆ, ಒಂದಡಿ ಬಿಟ್ಟು ಇಡಿಸಿದರು. ಪೆಟ್ಟಿಗೆ ಮುಚ್ಚಿ ದೀಪ ಆರಿಸಿದರು.

ಮೇಲಿನದು ಗೆರೆ ಎಬ್ಬಿಸಿತು. ಕೆಳಗಿನದೂ ಎಬ್ಬಿಸಿತು. ಪಾಸಾಗಿದ್ದ ಅದನ್ನು ಕತ್ತಲಲ್ಲಿ ಯಾರೂ ನೋಡಿರಲೇ ಇಲ್ಲ.

ಎರಡೂ ಮಿಡಿದಾಗಲೆಲ್ಲ ಮೇಲಿನದು ಮೊದಲು, ಕೆಳಗಿನದು ಆಮೇಲೆ. ನಡುವೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು. ಬೆಳಕು ಒಂದಡಿ ದಾಟುವ ಹೊತ್ತು.

ಆಕಾಶದಿಂದ ಏನೋ ಇಳಿಯುತ್ತಿತ್ತು. ನ್ಯೂಟ್ರಿನೊ ಅಲ್ಲ, ಮ್ಯೂಯಾನ್ ಎಂಬ ಬೇರೆ ಕಣ. ಮೋಡ, ತಾರಸಿ, ಪೆಟ್ಟಿಗೆ, ಎರಡು ಗಾಜು, ನೆಲ. ಗಾಜು ದಾಟುವಾಗ ಚೂರು ಬೆಳಕು ಚಿಮ್ಮಿಸಿ, ಎಲ್ಲೂ ನಿಲ್ಲದೆ ಹೋಗುತ್ತಿತ್ತು.

"ಅಂಗೈ ಚಾಚು" ಎಂದರು ಪ್ರೊಫೆಸರ್. ಅವಳು ಚಾಚಿದಳು.

"ಈಗೊಂದು ಹೋತು. ನೀ ಹುಟ್ಟಿದಾಗಿಂದ ಹೀಂಗ ಹೊಂಟಾವ."

ನಿಂಗರಾಜ ನಗಲಿಲ್ಲ. ತಾನೂ ಅಂಗೈ ಚಾಚಿದ. ಏನೂ ತಾಗಲಿಲ್ಲ, ಏನೂ ಕಾಣಲಿಲ್ಲ. ಪರದೆಯ ಮೇಲೆ ಗೆರೆಗಳು ಏಳುತ್ತಲೇ ಇದ್ದವು.

ಅಷ್ಟು ಸಣ್ಣ ಅಂತರವನ್ನು ತಪ್ಪದೆ ಅಳೆದ ಸೆನ್ಸರ್ ಚುರುಕಾಗಿದೆ ಎನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ. ಅವಳು ಮರೆಮಾಡಿದ್ದ ಗೆರೆಗಳೇ ಆ ಸಾಕ್ಷಿ. ಚೊಕ್ಕ ಗ್ರಾಫನ್ನು ಪ್ರೊಫೆಸರ್ ಹರಿದು ಹಾಕಿದರು. ಕತ್ತಲ ಗೆರೆಗಳಿದ್ದ ಹೊಸದಕ್ಕೆ ಸಹಿ ಮಾಡಿದರು.

ಮರುದಿನ ಸೆನ್ಸರ್ ಹೊರಟಿತು.

ನೀತಿ: ಬೇಡವೆಂದು ಅಳಿಸುವ ಮೊದಲು, ಅದು ಏನೆಂದು ಕೇಳು.