ಸಣ್ಣ ತೂತಿನ ಪ್ಲೇಟು

೨೦೧೧ರ ಜನವರಿ ಹನ್ನೆರಡು, ಬುಧವಾರ. ಬೆಳಿಗ್ಗೆ ಹೊಳೆಯ ಮೇಲೆ ಮಂಜಿತ್ತು. ಹೊತ್ತೇರಿದ ಮೇಲೆ ಬಿಸಿಲು ಬಿತ್ತು. ಗಾಳಿ ಇರಲಿಲ್ಲ.

ಹೊಳೆದಂಡೆಯ ಮಠದಲ್ಲಿ ನಿರುಪಾದಿ ಅಜ್ಜ ಹೊಲಿಗೆ ಕಲಿಸುತ್ತಿದ್ದರು. ಧ್ಯಾನ ಕಲಿಯಲು ಬಂದವರಿಗೂ ಸೂಜಿಗೆ ದಾರ ಪೋಣಿಸಲು ಹೇಳುತ್ತಿದ್ದರು.

ಶಿಷ್ಯ ದ್ಯಾಮಣ್ಣ ಆ ಚಳಿಗಾಲವೆಲ್ಲ ಕೌದಿ ಹೊಲಿದಿದ್ದ. ಹಳೆಯ ಸೀರೆಗಳ ದಪ್ಪ ಪದರಗಳ ಮೇಲೆ ಅವನ ಕೈ ಚೆನ್ನಾಗಿ ಓಡುತ್ತಿತ್ತು.

ಅವನ ಮಷಿನ್ನಿಗೆ ಎರಡು ಪ್ಲೇಟುಗಳಿದ್ದವು. ಸೂಜಿ ಇಳಿಯುವಲ್ಲಿ ಒಂದಕ್ಕೆ ಅಗಲವಾದ ಸೀಳು, ಇನ್ನೊಂದಕ್ಕೆ ಎಳ್ಳಿನಷ್ಟು ತೂತು. ಬಟ್ಟೆಯನ್ನು ಮೇಲಿನಿಂದ ಒತ್ತಿ ಹಿಡಿಯುವ ಫುಟ್ ಕೂಡ ಎರಡು, ಅಗಲದ್ದೊಂದು, ಸಣ್ಣದೊಂದು.

"ಅಜ್ಜಾರ, ಅಗಲ ಸೀಳಿನಾಗ ಸೂಜಿ ನೆಟ್ಟಗೂ ಇಳೀತೈತಿ, ಅತ್ತಿತ್ತನೂ ಆಡ್ತೈತಿ. ಸಣ್ಣ ತೂತಿನಾಗ ನೆಟ್ಟಗಷ್ಟ. ಮತ್ತ ಆ ಸಣ್ಣದು ಯಾಕ ಬೇಕ್ರಿ?"

ಅಜ್ಜ ಹೆಗಲ ಮೇಲಿನ ವಸ್ತ್ರವನ್ನು ತೆಗೆದು ನೀರು ತುಂಬಿದ ತಂಬಿಗೆಯ ಬಾಯಿಗೆ ಹೊದಿಸಿದರು.

"ಬೆರಳಿಲೆ ಒತ್ತು."

ದ್ಯಾಮಣ್ಣ ಒತ್ತಿದ. ಬಟ್ಟೆ ಬೆರಳಿನ ಜೊತೆಗೇ ಇಳಿದು ಒದ್ದೆಯಾಯಿತು.

"ಯಾಕ ಒಳಗ ಹೋತು?"

"ನಾ ಒತ್ತಿದೆನಲ್ರಿ."

"ಬೆರಳು ಒತ್ತಿದ್ದು ಖರೆ. ಒಳಗ ಕರಕೊಂಡಿದ್ದು ಬಾಯಿ." ಅಜ್ಜ ವಸ್ತ್ರ ಹಿಂಡಿದರು. "ತೆಳು ಬಟ್ಟಿನ ಅಗಲ ಬಾಯಿ ನುಂಗತೈತಿ. ಬಟ್ಟಿ ಬದಲಾದರ ಪ್ಲೇಟೂ ಬದಲಾಗಬೇಕು."

"ಫುಟ್ ಆದರ ಚಿಟಿಕಿ ಹೊಡಿಯೂದ್ರಾಗ ಬದಲಾಕ್ಕೈತ್ರಿ. ಪ್ಲೇಟಿಗೆ ಎರಡು ಸ್ಕ್ರೂ ಬಿಚ್ಚಬೇಕು, ಮತ್ತ ಬಿಗೀಬೇಕು. ಅದಕ್ಕ ಬ್ಯಾರೆ ಕೂಲಿ ಕೊಡ್ತೀರೇನ್ರಿ ಅಜ್ಜಾರ?"

ಅಜ್ಜ ನಕ್ಕರು.

"ಕೊಡೂಣಂತ."

ಮಂಜು ಕರಗುವ ಹೊತ್ತಿಗೆ ಕೂಸನ್ನು ಎತ್ತಿಕೊಂಡು ಫಕೀರವ್ವ ಬಂದಳು. ಮಡಿಲಿನಿಂದ ಒಂದು ಬಟ್ಟೆಯ ತುಂಡು ತೆಗೆದಳು. ಎರಡು ಅಂಗೈ ಅಗಲ. ಉಟ್ಟು ಉಟ್ಟು ಉಳ್ಳಾಗಡ್ಡಿಯ ಪೊರೆಯಂತಾಗಿತ್ತು.

"ನಾಳೆ ಕೂಸಿನ್ನ ತೊಟ್ಟಿಲಿಗೆ ಹಾಕೂದೈತ್ರಿ ಅಜ್ಜಾರ. ತಲಿಗೆ ಕಟ್ಟೂ ಕುಲಾವಿ ತವರಿಂದ ಬರಬೇಕು. ತವರಾಗ ಯಾರದಾರ? ಅವ್ವ ದೀಪಾವಳಿ ಮುಂದ ಹೋದ್ಲು. ಆಕಿ ಸೀರಿ ಆಕಿ ಜೋಡೀನ ಮಣ್ಣಿಗೆ ಹೋತು. ಉಳಿದದ್ದು ಇಷ್ಟ."

ಆಮೇಲೆ ದ್ಯಾಮಣ್ಣನ ಕಡೆ ತಿರುಗಿದಳು.

"ಚೂರು ಕತ್ತರಿಸಿ ಪರೀಕ್ಷಾ ಮಾಡಬ್ಯಾಡ ಅಣ್ಣಾ. ಚೂರೂ ಹೆಚ್ಚಿಗಿಲ್ಲ."

"ಹೊಲಿ," ಎಂದು ಅಜ್ಜ ಹೊಳೆಗೆ ಹೋದರು.

ದ್ಯಾಮಣ್ಣ ಸಣ್ಣ ಫುಟ್ ಹಾಕಿದ. ಪ್ಲೇಟನ್ನು ನೋಡಿದ. ಅಗಲ ಸೀಳಿನದೇ ಇತ್ತು. ಸ್ಕ್ರೂಡ್ರೈವರ್ ಕಿಟಕಿಯಲ್ಲಿತ್ತು, ಕೈಚಾಚಿದರೆ ಸಿಗುವಷ್ಟು ಹತ್ತಿರ. ಹೊರಗೆ ಕೂಸು ಅಳತೊಡಗಿತ್ತು.

ಮೇಲಿನದು ಸಣ್ಣದಾಯಿತಲ್ಲ, ಸಾಕು ಎಂದುಕೊಂಡು ಪೆಡಲ್ ಒತ್ತಿದ.

ಮೊದಲ ಹೊಲಿಗೆಗಳು ಚೆನ್ನಾಗಿ ಬಿದ್ದವು. ಒಮ್ಮೆಲೇ ಬಟ್ಟೆ ಸೀಳಿನೊಳಗೆ ಇಳಿಯಿತು. ಬಟ್ಟೆಯನ್ನು ಮುಂದಕ್ಕೆ ತಳ್ಳುವ ಕೆಳಗಿನ ಹಲ್ಲುಗಳು ಅದನ್ನು ಕಚ್ಚಿದವು. ಮಷಿನ್ ನರಳಿ ನಿಂತಿತು. ಅವನು ಗಾಬರಿಯಿಂದ ಬಟ್ಟೆಯನ್ನು ಎಳೆದ.

ಹರಿದ ಸದ್ದು ಅಂಗಳಕ್ಕೂ ಕೇಳಿಸಿತು.

ಫಕೀರವ್ವ ಬಾಗಿಲಿಗೆ ಬಂದಳು.

"ಅದೇನು ಸಪ್ಪಳಾತು?"

ಅವನ ಎರಡು ಕೈಯಲ್ಲಿ ಎರಡು ತುಂಡುಗಳಿದ್ದವು.

ಅವಳು ಅಳಲಿಲ್ಲ, ಕೂಗಲೂ ಇಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅವ್ವನ್ನ ಒಮ್ಮೆ ಹುಗದು ಬಂದಿದ್ದೆ ಅಣ್ಣಾ. ನೀ ಇನ್ನೊಮ್ಮೆ ಹುಗದಿ."

ಹೊಳೆಯಿಂದ ಬಂದ ಅಜ್ಜ ಮಷಿನ್ನಿನ ಮೇಲೆ ಬಾಗಿ ನೋಡಿದರು.

"ಫುಟ್ ಬದಲು ಮಾಡೀದಿ."

"ಹೂನ್ರಿ."

"ಪ್ಲೇಟ?"

ದ್ಯಾಮಣ್ಣ ತಲೆ ತಗ್ಗಿಸಿದ.

ಅಜ್ಜ ಬೈಯಲಿಲ್ಲ. ನೆಟ್ಟಗೆ ಗದ್ದುಗೆಯ ಕಡೆ ನಡೆದರು. ಅದು ಅವರ ಗುರು ದೊಡ್ಡಜ್ಜನ ಸಮಾಧಿ. ಅದರ ಮೇಲೆ ದೊಡ್ಡಜ್ಜ ಉಡುತ್ತಿದ್ದ ಕಾವಿಯ ತುಂಡೊಂದಿತ್ತು. ಉಳಿದದ್ದನ್ನು ಕಾಲ ತಿಂದಿತ್ತು. ಪ್ರತಿ ಸೋಮವಾರ ಜನ ಸಾಲಾಗಿ ಬಂದು ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ತೆಳ್ಳಗಾಗಿದ್ದರೂ ನೂಲು ಗಟ್ಟಿಯಿತ್ತು.

ಅಜ್ಜ ಅದನ್ನು ತಂದು ಮಷಿನ್ನಿನ ಮೇಲೆ ಹರಡಿದರು.

"ಕತ್ತರಿ ಹಿಡಿ."

ದ್ಯಾಮಣ್ಣ ಹಿಂದಕ್ಕೆ ಸರಿದ. "ಅಜ್ಜಾರ, ಅದು ದೊಡ್ಡಜ್ಜಾರದು!"

ಫಕೀರವ್ವ ತನ್ನ ದುಃಖ ಮರೆತು ಒಳಗೆ ಓಡಿಬಂದಳು. "ಬ್ಯಾಡ್ರೀ ಯಪ್ಪಾ! ನನಗ ಕುಲಾವಿನ ಬ್ಯಾಡ. ಕೂಸಿಗೆ ಪಾಪ ಹತ್ತತೈತಿ!"

"ದೊಡ್ಡಜ್ಜಾರಿಗೆ ಇನ್ನ ಚಳಿ ಇಲ್ಲ ತಾಯಿ. ಕೂಸಿಗೈತಿ."

ದ್ಯಾಮಣ್ಣನ ಕೈಯಿಂದ ಕತ್ತರಿ ಜಾರಿ ನೆಲಕ್ಕೆ ಬಿತ್ತು. ಅಜ್ಜ ಬಾಗಿ ಎತ್ತಿ ಮತ್ತೆ ಅವನ ಬೆರಳಿಗೆ ಸಿಕ್ಕಿಸಿದರು.

"ಒಳಗ ಇದು. ಹೊರಗ ಅವರವ್ವಂದು. ಹರಿದ ಅಂಚು ಎರಡೂ ಕೂಡಿಸಿ ಇದರ ಮ್ಯಾಲ ಕೂಡ್ರಿಸು."

ದ್ಯಾಮಣ್ಣ ಕತ್ತರಿಸಿದ. ಕಾವಿ ಸದ್ದಿಲ್ಲದೆ ಎರಡಾಯಿತು.

ಆಮೇಲೆ ಎರಡು ಸ್ಕ್ರೂ ಬಿಚ್ಚಿದ. ಹಲ್ಲಿಗೆ ಸಿಕ್ಕಿದ್ದ ಎಳೆಗಳನ್ನು ಒಂದೊಂದಾಗಿ ಬಿಡಿಸಿದ. ಸಣ್ಣ ತೂತಿನ ಪ್ಲೇಟು ಕೂರಿಸಿ ಬಿಗಿದ. ಪೆಡಲ್ ಮುಟ್ಟಲಿಲ್ಲ. ಚಕ್ರವನ್ನು ಕೈಯಿಂದಲೇ ತಿರುಗಿಸಿದ. ಸೂಜಿ ಇಳಿಯಿತು, ಏರಿತು. ಬಟ್ಟೆ ಎಲ್ಲಿತ್ತೋ ಅಲ್ಲೇ ಇತ್ತು.

ಕಾವಿಯ ಎರಡೂ ತುಂಡುಗಳು ಒಳಗೆ ಸೇರಿ, ಬಿಸಿಲು ನೆತ್ತಿಗೆ ಬರುವಾಗ ಕುಲಾವಿ ಮುಗಿಯಿತು. ಹರಿದ ಜಾಗ ನಡುವೆ ಒಂದು ಗೆರೆಯಾಗಿ ಉಳಿದಿತ್ತು.

ಫಕೀರವ್ವ ಅದನ್ನು ಕೂಸಿನ ತಲೆಗೆ ಕಟ್ಟಿದಳು. ಆ ಗೆರೆಯ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನೋಡಿದಳು.

"ಬೈತಲಿ ಸೊಟ್ಟ ತಗದೀಯಲ್ಲೋ ಅಣ್ಣಾ," ಎಂದಳು. ಆಗ ಅವಳ ಕಣ್ಣು ತುಂಬಿತು.

ಅವಳು ಹೋದ ಮೇಲೆ ದ್ಯಾಮಣ್ಣ ಗದ್ದುಗೆಯ ಮುಂದೆ ನಿಂತ. ಮೇಲೆ ಬರಿಯ ಕಲ್ಲಿತ್ತು.

"ಅಜ್ಜಾರ, ಸೋಮವಾರ ಜನ ಬರ್ತಾರ. ದೊಡ್ಡಜ್ಜಾರ ಕಾವಿ ಎಲ್ಲಿ ಅಂತ ಕೇಳ್ತಾರ. ನಾ ಏನ್ ಹೇಳ್ಲಿ?"

ಅಜ್ಜ ಕಿಟಕಿಯ ಕಡೆ ಹೋಗಿ ಸ್ಕ್ರೂಡ್ರೈವರ್ ತಂದು ಅವನ ಅಂಗೈಯಲ್ಲಿಟ್ಟರು.

"ಎರಡು ಸ್ಕ್ರೂ ಬಿಚ್ಚಾಕ ಕೂಲಿ ಕೇಳಿದ್ದೆ, ಆ ಕಾವೀನ ಕೊಟ್ಟರು ಅಂತ ಹೇಳು."